ಅಭ್ಯಂಜನವಾದ ಡಿಸ್ಕು

ಗೌರಿಬಿದನೂರಿನ ಹೊರಗೆ, ರೈಲು ಹಳಿಯ ಆಚೆ, ಎಲ್ಲವೂ ಕೆಂಪಾಗಿರುವ ಒಂದು ಜಾಗವಿದೆ. ರಸ್ತೆ ಕೆಂಪು, ತಂತಿಬೇಲಿ ಕೆಂಪು, ಬೇಲಿಯ ಮೇಲೆ ಕೂತ ಕಾಗೆಯ ಕಾಲೂ ಕೆಂಪು. ಅದೇ ನಮ್ಮ ಪೆಲೆಟ್ ಪ್ಲಾಂಟು. ಕಬ್ಬಿಣದ ಅದಿರಿನ ಪುಡಿಯನ್ನು ಉಂಡೆ ಕಟ್ಟಿ, ಸುಟ್ಟು, ಉಕ್ಕು ಮಾಡುವವರಿಗೆ ಮಾರುವ ಕಾರ್ಖಾನೆ. ಇಲ್ಲಿ ಗಣಿಯಿಲ್ಲ. ನದಿಯೆಂದು ಹೆಸರಿಗೆ ಪಿನಾಕಿನಿ ಇದ್ದಾಳೆ, ಆಕೆ ಮರಳಿನಡಿ ಮಲಗಿ ಎಷ್ಟೋ ಕಾಲವಾಯಿತು. ಅದಿರಿನ ಪುಡಿ ಬಳ್ಳಾರಿ ಕಡೆಯಿಂದ ರೈಲಿನಲ್ಲಿ ಬರುತ್ತದೆ, ನೀರು ಟ್ಯಾಂಕರಿನಲ್ಲಿ ಬರುತ್ತದೆ, ಮ್ಯಾನೇಜರುಗಳು ಬೆಂಗಳೂರಿನಿಂದ ಎ.ಸಿ. ಕಾರಿನಲ್ಲಿ ಬರುತ್ತಾರೆ. ಇಷ್ಟೆಲ್ಲ ಹೊರಗಿನಿಂದ ತಂದು ಇಲ್ಲಿಯೇ ಯಾಕೆ ಉಂಡೆ ಕಟ್ಟಬೇಕು ಎಂದು ಕೇಳಿದರೆ "ಸ್ಟ್ರಾಟೆಜಿಕ್ ಲೊಕೇಶನ್, ಮ್ಯಾಮ್" ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಹೇಳಿಬಿಟ್ಟರೆ ಕಾರಣ ಕೊಟ್ಟಂತಾಯಿತು ಎಂದು ನಂಬುವ ಜನ.

ನಾನು ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ ಓದಿದವಳು. ಮೇಣ ಹಚ್ಚಿ ಉಜ್ಜಿದ ಕೆಂಪು ನೆಲ, ಗಂಜಿ ಹಾಕಿದ ಕಾಲರು, ಊಟಕ್ಕೆ ಮೊದಲು ಕಣ್ಣುಮುಚ್ಚಿ ಹೇಳುವ ಗ್ರೇಸು, ಪಿಯಾನೋದ ಮೇಲೆ ಬೀಳುತ್ತಿದ್ದ ಸಂಜೆಯ ಬಿಸಿಲು, ಎಲ್ಲವೂ ಇನ್ನೂ ನನ್ನೊಳಗೆ ಹಾಗೆಯೇ ಇವೆ. ಆಮೇಲೆ ಚಿಕ್ಕಬಳ್ಳಾಪುರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಲೇ ಕೂದಲು ನರೆಯಿತು. ರಿಟೈರಾದ ಮೇಲೆ ತಂಗಿಯ ಮಗಳ ಜೊತೆ ಈ ಪ್ಲಾಂಟಿನ ಕ್ವಾರ್ಟರ್ಸಿನಲ್ಲಿ ಇದ್ದೇನೆ. ತಂಗಿ ಬೇಗ ತೀರಿಕೊಂಡಳು. ಹುಡುಗಿಯನ್ನು ಬೆಳೆಸಿದವಳು ನಾನು. ಮೆಟಲರ್ಜಿ ಓದಿ ಇಲ್ಲಿ ಇಂಜಿನಿಯರಾಗಿದ್ದಾಳೆ. ಇಡೀ ಪ್ಲಾಂಟಿಗೆ ಅವಳೊಬ್ಬಳೇ ಲೇಡಿ ಇಂಜಿನಿಯರು ಎಂದು ಕಂಪನಿಯ ಬ್ರೋಷರಿನ ಮುಖಪುಟಕ್ಕೆ ಅವಳ ಫೋಟೋ ಹಾಕಿದ್ದಾರೆ. ಲೇಡೀಸ್ ಟಾಯ್ಲೆಟ್ ಮಾತ್ರ ಇನ್ನೂ ಕಟ್ಟುತ್ತಲೇ ಇದ್ದಾರೆ.

ಪ್ಲಾಂಟಿನ ಹೆಡ್ಡು ನನ್ನ ಹಳೆಯ ಸ್ಟೂಡೆಂಟು. "ಮೈ ಏಮ್ ಇನ್ ಲೈಫ್" ಎಂಬ ಪ್ರಬಂಧದಲ್ಲಿ ಪೈಲಟ್ ಆಗುತ್ತೇನೆಂದು ಬರೆದಿದ್ದ; ಈಗ ಒಂದು ಗಾಜಿನ ಕ್ಯಾಬಿನ್ ಹಾರಿಸುತ್ತಾನೆ. ಎಲ್ಲರೂ ಅವನನ್ನು ಸಾಹೇಬರು ಎನ್ನುತ್ತಾರೆ, ಎದುರಿಗೆ ನಾನೂ ಅನ್ನುತ್ತೇನೆ. ನಾನು ಕ್ವಾರ್ಟರ್ಸಿನಲ್ಲಿ ಸುಮ್ಮನೆ ಕೂತಿರುವುದನ್ನು ನೋಡಿ, ಸ್ಟಾಫಿಗೆ ಸ್ಪೋಕನ್ ಇಂಗ್ಲಿಷ್ ಕಲಿಸಿ ಎಂದ. ಜೊತೆಗೆ, ವಿಸಿಟರ್ಸ್ ಬಂದಾಗ ಮೈಕ್ ಹಿಡಿದು ಕಾಮೆಂಟರಿ ಕೊಡಿ ಎಂದ. "ನಿಮ್ಮ ಆಕ್ಸೆಂಟ್ ಕೇಳಿದ್ರೆ ನಮ್ಮ ಪೆಲೆಟ್‌ಗೇ ಒಂದು ಕ್ಲಾಸ್ ಬರುತ್ತೆ, ಮ್ಯಾಮ್!" ಮಣ್ಣಿನುಂಡೆಗೂ ಉಚ್ಚಾರಕ್ಕೂ ಏನು ಸಂಬಂಧವೋ ದೇವರೇ ಬಲ್ಲ.

ಕಾಮೆಂಟರಿಗಾಗಿ ನಾನು ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಕಷ್ಟದ್ದೇನಲ್ಲ. ಅದಿರಿನ ಪುಡಿಯನ್ನು ಹಾಗೆಯೇ ಫರ್ನೇಸಿಗೆ ಸುರಿದರೆ ಗಾಳಿಗೆ ಹಾರಿಹೋಗುತ್ತದೆ. ಅದಕ್ಕೇ ಅಂಟಿನ ಮಣ್ಣೊಂದನ್ನು, ಬೆಂಟೊನೈಟ್ ಅಂತಾರೆ, ಸ್ವಲ್ಪ ಬೆರೆಸಿ, ನೀರು ಚಿಮುಕಿಸಿ, ಉಂಡೆ ಕಟ್ಟಬೇಕು. ಕಟ್ಟುವುದು ಕೈಯಲ್ಲಲ್ಲ, ಡಿಸ್ಕಿನಲ್ಲಿ. ನಮ್ಮ ಹಾಲ್‌ನಷ್ಟು ಅಗಲದ ಕಬ್ಬಿಣದ ತಟ್ಟೆ. ಓರೆಯಾಗಿ ನಿಂತು ಸುತ್ತುತ್ತಿರುತ್ತದೆ. ಮೇಲಿಂದ ಬಿದ್ದ ಒದ್ದೆ ಪುಡಿ ಅದರಲ್ಲಿ ಉರುಳಿ ಉರುಳಿ ಸಾಸಿವೆಯಾಗುತ್ತದೆ, ಕಡಲೆಯಾಗುತ್ತದೆ, ಗೋಲಿಯಾಗುತ್ತದೆ. ಗೋಲಿಯಾದದ್ದು ಅಂಚು ದಾಟಿ ತಾನಾಗಿಯೇ ಬೆಲ್ಟಿಗೆ ಬೀಳುತ್ತದೆ. ಆಮೇಲೆ ಸುಡುವುದು. ಈ ಪ್ಲಾಂಟಿನಲ್ಲಿ ನೋಡಲು ಚೆಂದ ಎನ್ನುವಂಥದ್ದೇನಾದರೂ ಇದ್ದರೆ ಆ ಡಿಸ್ಕು ಸುತ್ತುವುದೊಂದೇ.

ಅದು ಉರುಳಬೇಕಾದರೆ ತಳ ಒರಟಾಗಿರಬೇಕು. ಡಿಸ್ಕಿನ ತಳದಲ್ಲಿ ಅದಿರಿನದೇ ಒಂದು ಪದರ ಗಟ್ಟಿಯಾಗಿ ಕೂತಿರುತ್ತದೆ. ಬೆಡ್ ಅಂತ ಕರೆಯುತ್ತಾರೆ. ಕೊಳಕಾಗಿ, ಗಂಟು ಗಂಟಾಗಿ, ಹುಣ್ಣಿನ ಹಕ್ಕಳೆಯಂತೆ ಕಾಣುತ್ತದೆ. ಉಂಡೆ ಕಟ್ಟುವುದು ಅದರ ಮೇಲೆ.

ನನ್ನ ಹುಡುಗಿಯ ಚಾರ್ಜಿನಲ್ಲಿ ಇದ್ದದ್ದು ಆ ಡಿಸ್ಕಿನ ಸೆಕ್ಷನ್. ಅದನ್ನು ಅವಳಿಂದ ಕಿತ್ತುಕೊಳ್ಳಲು ಸಾಹೇಬರು ಕಾಯುತ್ತಿದ್ದರು. ದಸರಾ ಹತ್ತಿರ ಬಂದಾಗ ಕರೆದು ಹೇಳಿದರಂತೆ: "ನೋಡಮ್ಮ, ಧೂಳು, ಸೌಂಡು, ಗ್ರೀಸು, ಇದೆಲ್ಲ ನಿಮ್ಮಂಥೋರಿಗಲ್ಲ. ಗೆಸ್ಟ್ ರಿಲೇಶನ್ಸ್ ಅಂತ ಹೊಸ ಡಿಪಾರ್ಟ್‌ಮೆಂಟ್ ಮಾಡ್ತಿದೀವಿ. ಎ.ಸಿ. ರೂಮು, ಸೋಫಾ. ನಿಮಗೆ ಸೂಟ್ ಆಗುತ್ತೆ."

"ಸೋಫಾ ಮೇಲೆ ಕೂರೋಕೆ ನಾನು ಮೆಟಲರ್ಜಿ ಓದಿಲ್ಲ ಸರ್" ಎಂದಳಂತೆ ಇವಳು.

ಕೊನೆಗೆ ಒಂದು ಮಾತಾಯಿತು. ಆಯುಧಪೂಜೆಯ ದಿನ ನಮ್ಮ ಪೆಲೆಟ್ ಕೊಳ್ಳುವ ಕಂಪನಿಯವರು ಬರುತ್ತಾರೆ. ಪೂಜೆ ಮುಗಿದ ಮೇಲೆ ಅವರ ಕಣ್ಣೆದುರೇ ಡಿಸ್ಕು ಶುರುವಾಗಬೇಕು. ಉಂಡೆ ಸರಿಯಾಗಿ ಬಂದರೆ ಸೆಕ್ಷನ್ ಅವಳದೇ. ಬರದಿದ್ದರೆ ಸೋಫಾ.

"ಇದೇನು ಸ್ವಯಂವರವೇನೇ?" ಎಂದೆ ನಾನು.

"ನಗಬೇಡಿ ದೊಡ್ಡಮ್ಮ. ನಂಗೆ ಡಿಸ್ಕು ಬೇಕು" ಎಂದಳು. ಅಷ್ಟೇ. ಬೇರೆ ಹುಡುಗಿಯರು ಸೀರೆ ಬೇಕು ಎಂದು ಕೇಳುವ ದನಿಯಲ್ಲಿ.

ಪೂಜೆಯ ಹಿಂದಿನ ದಿನ ಸಾಹೇಬರಿಗೆ ಒಂದು ಐಡಿಯಾ ಬಂತು. ಗೆಸ್ಟುಗಳಿಗೆ ಮಾಮೂಲಿ ಗಂಧದ ಹಾರ ಬೇಡವಂತೆ, ರೇಷ್ಮೆಗೂಡಿನ ಹಾರ ಬೇಕಂತೆ. ಲೋಕಲ್ ಟಚ್. ಅದನ್ನು ಶಿಡ್ಲಘಟ್ಟದಿಂದ ಯಾರು ತರಬೇಕು? ಇಂಜಿನಿಯರಮ್ಮನೇ ತರಬೇಕು. "ಲೇಡೀಸ್‌ಗೆ ಸೆಲೆಕ್ಷನ್ ಚೆನ್ನಾಗಿರುತ್ತೆ." ಕೊಂಬೆಯಿಂದ ಕಿತ್ತ ಹೂವೋ ಹಣ್ಣೋ ಆದರೆ ಆರಿಸಬಹುದು, ಗೂಡೆಲ್ಲ ಒಂದೇ ಬಣ್ಣ, ಒಂದೇ ಆಕಾರ! ನಾನೂ ಜೊತೆಗೆ ಹೊರಟೆ.

ಚಿಕ್ಕಬಳ್ಳಾಪುರ ದಾಟುವಾಗ ಸ್ಕಂದಗಿರಿ ಹತ್ತಿ ಇಳಿದ ಬೆಂಗಳೂರಿನ ಮಕ್ಕಳು ರಸ್ತೆ ಬದಿ ಸಾಲಾಗಿ ಕೂತು ಶೂಸಿನ ಮಣ್ಣು ಕೆರೆಯುತ್ತಿದ್ದರು. ಬೆಳಗಿನ ಮೋಡ ನೋಡಲು ಬಂದು, ಒಬ್ಬರ ಮುಖ ಒಬ್ಬರು ಫೋಟೋ ತೆಗೆದುಕೊಂಡು ಹೋಗುವವರು. ಹಿಂದೆ ಈ ರಸ್ತೆಯಲ್ಲಿ ಸಿಸ್ಟರ್ ನಮ್ಮನ್ನು ಪಿಕ್ನಿಕ್ಕಿಗೆ ಕರೆತರುತ್ತಿದ್ದರು. ನಂದಿಬೆಟ್ಟವನ್ನು ನೋಡುತ್ತ ಸುಮ್ಮನೆ ಸ್ಯಾಂಡ್‌ವಿಚ್ ತಿಂದು ಬರುತ್ತಿದ್ದೆವು. ಯಾರೂ ಬೆಟ್ಟಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಿರಲಿಲ್ಲ.

ಶಿಡ್ಲಘಟ್ಟದಲ್ಲಿ ಹಾರ ಕಟ್ಟುವ ಮನೆಯ ಹೆಂಗಸು ನಮ್ಮನ್ನು ಚಾಪೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ಒಳಗೆ ಮಕ್ಕಳ ಜೊತೆ ಉರ್ದು, ನಮ್ಮ ಜೊತೆ ಕನ್ನಡ.

"ಯಾರ ಮದ್ವೆ ಮೇಡಂ?"

"ಮದ್ವೆ ಅಲ್ಲಮ್ಮ, ಫ್ಯಾಕ್ಟರಿ. ಗೆಸ್ಟ್‌ಗಳಿಗೆ" ಎಂದಳು ನನ್ನ ಹುಡುಗಿ.

"ಗಂಡಸ್ರಿಗಾ? ಹಾಗಾದ್ರೆ ಹೊಟ್ಟೆತನಕ ಉದ್ದ ಕಟ್ತೀನಿ. ದೊಡ್ಡೋರಿಗೆಲ್ಲ ಹಾರ ಹೊಟ್ಟೆಮೇಲೆ ಕೂತ್ರೇ ಫೋಟೋ ಚೆನ್ನಾಗಿ ಬರೋದು."

ಅವಳು ಕಟ್ಟಿದ್ದೂ ಹಾಗೆಯೇ. ಆಕೆಗೆ ತನ್ನ ಗಿರಾಕಿಗಳ ಪರಿಚಯವಿತ್ತು.

ಮರುದಿನ ಬೆಳಗ್ಗೆ ಪ್ಲಾಂಟಿನೊಳಗೆ ಕಾಲಿಟ್ಟಾಗ ಬಾಳೆಕಂಬ, ಮಾವಿನೆಲೆ, ಚೆಂಡುಹೂವು, ಲಾರಿಗಳ ಕನ್ನಡಿಗೂ ಕುಂಕುಮ. ನಮ್ಮ ಹುಡುಗಿ ರೇಷ್ಮೆ ಸೀರೆಯುಟ್ಟು ಆರತಿ ತಟ್ಟೆ ಹಿಡಿಯಬೇಕೆಂದು ಆರ್ಡರಾಗಿತ್ತು. ಉಟ್ಟಿದ್ದಳು, ಮುಖ ಗಂಟಿಕ್ಕಿಕೊಂಡು. ಮೆಟ್ಟಿಲು ಹತ್ತಿ ಡಿಸ್ಕಿನ ಮುಂದೆ ನಿಂತವಳು ಹಾಗೆಯೇ ನಿಂತುಬಿಟ್ಟಳು.

ಡಿಸ್ಕು ಫಳಫಳ ಹೊಳೆಯುತ್ತಿತ್ತು. ಬೆಡ್ ಇರಲಿಲ್ಲ. ಉಳಿ, ಸುತ್ತಿಗೆ ಹಿಡಿದು ಪೂರ್ತಿ ಕೆತ್ತಿ ತೆಗೆದು, ಪೈಪಿನಲ್ಲಿ ನೀರು ಬಿಟ್ಟು ತಿಕ್ಕಿ ತೊಳೆದಿದ್ದರು. ಸಾಲದ್ದಕ್ಕೆ ಎಳ್ಳೆಣ್ಣೆ ಹಚ್ಚಿ ಒರೆಸಿದ್ದರು. ನಡುವೆ ಒಂದು ತಟ್ಟೆಯಗಲ ಅರಿಶಿನ, ಅದರ ಮೇಲೆ ಕುಂಕುಮ. ಹಬ್ಬಕ್ಕೆ ಅಭ್ಯಂಜನ!

ಡಿಸ್ಕು ನಡೆಸುವ ಆಪರೇಟರು ಆಂಧ್ರದ ಗಡಿಯ ಹಳ್ಳಿಯವನು. ಎರಡು ಭಾಷೆಯನ್ನೂ ಒಂದೇ ರಾಗದಲ್ಲಿ ಆಡುತ್ತಾನೆ. ಹೆಮ್ಮೆಯಿಂದ ಪಕ್ಕದಲ್ಲೇ ನಿಂತಿದ್ದ.

"ಎಟ್ಲೈತೆ ಮೇಡಮ್ಮಾ? ಮುಖ ನೋಡ್ಕೋಬೌದು! ಎಲ್ಲಾರೂ ಸೇರಿ ತಿಕ್ಕಿದ್ವಿ. ತೋಳು ಬಿದ್ದೋಯ್ತು."

"ಬೆಡ್ ಯಾಕಣ್ಣ ತೆಗೆದ್ರಿ?" ಅವಳ ದನಿ ಅಳುವಂತಿತ್ತು.

"ಸಾಹೇಬ್ರೇ ಹೇಳಿದ್ದು. ಕನ್ನಡಿ ತರ ಹೊಳೀಬೇಕು ಅಂದ್ರು. ವರ್ಷಕ್ಕೊಂದು ಸಲ ಅದಕ್ಕೂ ಸ್ನಾನ ಬೇಡ್ವಾ, ಪಾಪಂ?"

ಕಳೆದ ವರ್ಷ ಪ್ಲಾಂಟು ಇನ್ನೂ ಶುರುವಾಗಿರಲಿಲ್ಲ. ಇದೇ ಡಿಸ್ಕಿನ ಮೊದಲ ಆಯುಧಪೂಜೆ. ಲಾರಿ ತೊಳೆದು, ಜನರೇಟರ್ ತೊಳೆದು, ಸ್ಪ್ಯಾನರು, ಸುತ್ತಿಗೆ ಎಲ್ಲ ತೊಳೆದು ಅಭ್ಯಾಸವಿರುವ ಜನ ಇದನ್ನೂ ತೊಳೆದಿದ್ದರು. ಭಕ್ತಿಯಿಂದ ತೊಳೆದವರನ್ನು ಬಯ್ಯುವುದು ಹೇಗೆ? ಬಯ್ಯಬೇಕಾದದ್ದು ತೊಳೆಸಿದವನನ್ನು. ಇವಳು ಆರತಿ ತಟ್ಟೆ ನನ್ನ ಕೈಗೆ ಕೊಟ್ಟು ಗಾಜಿನ ಕ್ಯಾಬಿನ್ನಿಗೆ ಹೋದಳು. ನಾನೂ ಹಿಂದೆಯೇ ಹೋದೆ.

"ಸರ್, ಗೆಸ್ಟ್ ಬರೋಕೆ ಮುಂಚೆ ಸ್ವಲ್ಪ ಹೊತ್ತು ಡಿಸ್ಕು ಓಡಿಸೋಕೆ ಬಿಡಿ. ಎಣ್ಣೆ ತೆಗೆದು ಬೆಡ್ ಕಟ್ಕೋತೀನಿ. ಇಲ್ದಿದ್ರೆ ಎಲ್ಲ ಜಾರುತ್ತೆ, ಉಂಡೆ ಕಟ್ಟಲ್ಲ."

ಸಾಹೇಬರು ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿದ್ದರು. ಗಾಬರಿಬಿದ್ದು ಎರಡು ಕೈಯನ್ನೂ ಮುಂದೆ ಮಾಡಿದರು. "ಅಯ್ಯಯ್ಯೋ! ಕುಂಕುಮ ಇಟ್ಟಾಗಿದೆ. ಪೂಜೆ ಆಗೋ ತನಕ ಆಯುಧ ಮುಟ್ಟಬಾರದಮ್ಮ. ನೀವು ಎಜುಕೇಟೆಡ್ಡು, ನಿಮಗೆ ಸೆಂಟಿಮೆಂಟ್ ಗೊತ್ತಾಗಲ್ಲ."

"ನನಗೂ ದೇವರಿದ್ದಾನೆ ಸರ್. ಆದ್ರೆ ಬೆಡ್..."

"ಮ್ಯಾಮ್, ನೀವಾದ್ರೂ ಹೇಳಿ" ಎಂದು ನನ್ನ ಕಡೆ ತಿರುಗಿದರು. "ಗಲೀಜು ಮೆಷಿನ್ನಿಗೆ ಪೂಜೆ ಮಾಡೋಕಾಗುತ್ತಾ?"

ಒಳ್ಳೆಯ ಇಂಗ್ಲಿಷಿನಲ್ಲಿ ಒಂದು ಕೆಟ್ಟ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ನಾದಸ್ವರ ಶುರುವಾಯಿತು. ಗೆಸ್ಟುಗಳು ಬಂದರು.

ಪೂಜೆ ಸಾಂಗವಾಗಿ ನಡೆಯಿತು. ಬೂದುಗುಂಬಳಕಾಯಿ ಒಡೆದರು, ನಿಂಬೆಹಣ್ಣು ತುಳಿದರು. ಡಿಸ್ಕಿನ ಮೇಲೆ ಬುಟ್ಟಿಗಟ್ಟಲೆ ಚೆಂಡುಹೂವಿನ ಎಸಳು ಎರಚಿದರು. ರೇಷ್ಮೆಗೂಡಿನ ಹಾರ, ಹಳದಿ ಹೆಲ್ಮೆಟ್ಟು, ಹೊಸ ಬೂಟು ತೊಟ್ಟ ಗೆಸ್ಟುಗಳು ಮೇಲಿನ ಕಟ್ಟೆಯಲ್ಲಿ ಸಾಲಾಗಿ ನಿಂತರು. ಹಾರಗಳು ನಿಜಕ್ಕೂ ಹೊಟ್ಟೆಯ ಮೇಲೆಯೇ ಕೂತಿದ್ದವು. ನಾನು ಮೈಕ್ ಹಿಡಿದು, ಸಾಹೇಬರು ಸೇರಿಸಿದ್ದ ಸಾಲನ್ನು ಹೇಳಿದೆ: "ಲೇಡೀಸ್ ಅಂಡ್ ಜೆಂಟಲ್‌ಮೆನ್, ವಾಚ್ ದಿ ಮ್ಯಾಜಿಕ್." ಗೆಸ್ಟುಗಳಲ್ಲಿ ಲೇಡಿ ಎಂಬುವಳು ಒಬ್ಬಳೂ ಇರಲಿಲ್ಲ. ಮ್ಯಾಜಿಕ್ಕೂ ಇರಲಿಲ್ಲ.

ಡಿಸ್ಕು ಸುತ್ತಿತು. ಒದ್ದೆ ಪುಡಿ ಬಿತ್ತು. ಬಿದ್ದದ್ದು ಉರುಳಲಿಲ್ಲ, ಎಣ್ಣೆಯ ಮೇಲೆ ಜಾರಿ, ಕೆಳಗಿನ ಮೂಲೆಯಲ್ಲಿ ರಾಶಿಯಾಗಿ ಕೂತು, ಅಲ್ಲಿಯೇ ತೂಕಡಿಸಿತು. ನೀರು ಚಿಮ್ಮಿತು, ರಾಶಿ ಕೆಸರಾಯಿತು. ಆ ಕೆಸರು ಚೆಂಡುಹೂವನ್ನೆಲ್ಲ ಮೆತ್ತಿಕೊಂಡು, ಹಲಸಿನಕಾಯಿಯಷ್ಟು ಗಾತ್ರದ ಮುದ್ದೆಗಳಾಗಿ ಅಂಚು ದಾಟಿ ದೊಪ್ ದೊಪ್ ಎಂದು ಬೆಲ್ಟಿನ ಮೇಲೆ ಬಿತ್ತು. ಗೆಸ್ಟುಗಳಲ್ಲಿ ಹಿರಿಯನೊಬ್ಬ ಕಟ್ಟೆ ಇಳಿದು ಬಂದು, ಬಗ್ಗಿ ಒಂದು ಚೂರು ಎತ್ತಿಕೊಂಡ. ಅದರ ನೆತ್ತಿಯಲ್ಲಿ ಹಳದಿ ಎಸಳು ಜುಟ್ಟಿನಂತೆ ನಿಂತಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

ಹುಡುಗಿ ಡಿಸ್ಕಿನ ಪಕ್ಕ ತುಟಿ ಕಚ್ಚಿಕೊಂಡು ನಿಂತಿದ್ದಳು. ಸೋಫಾ ಅವಳ ಕಣ್ಣಿನಲ್ಲಿ ಕಾಣುತ್ತಿತ್ತು.

ಸಾಹೇಬರು ನನ್ನ ಕಿವಿಯ ಹತ್ತಿರ ಬಂದರು. "ಮ್ಯಾಮ್, ಇಂಜಿನಿಯರ್ ಹೊಸಬಳು, ನೀರು ಜಾಸ್ತಿ ಬಿಟ್ಟುಬಿಟ್ಟಿದ್ದಾಳೆ ಅಂತ ಸ್ವಲ್ಪ ಪೊಲೈಟಾಗಿ ಹೇಳಿಬಿಡಿ. ನಿಮ್ಮ ಬಾಯಲ್ಲಿ ಬಂದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ."

ಎಂಥ ನಂಬಿಕೆ ನೋಡಿ ನನ್ನ ಆಕ್ಸೆಂಟಿನ ಮೇಲೆ! ನನ್ನ ಮನೆಯ ಹುಡುಗಿಯ ಕುತ್ತಿಗೆಯನ್ನು ನನ್ನ ಕೈಯಿಂದಲೇ, ಅದೂ ಪೊಲೈಟಾಗಿ, ಹಿಚುಕಿಸುವ ಉಪಾಯ. ನಾನು ಮೈಕ್ ಬಾಯಿಯ ಹತ್ತಿರ ತಂದೆ.

"ಜೆಂಟಲ್‌ಮೆನ್" ಎಂದೆ, "ನಿಮ್ಮ ಮನೆಯಲ್ಲಿ ದೋಸೆ ಕಾವಲಿಯನ್ನು ಯಾರಾದರೂ ಸ್ಟೀಲ್ ನಾರು ಹಾಕಿ ತಿಕ್ಕಿ ತೊಳೆದು, ತಕ್ಷಣ ದೋಸೆ ಹುಯ್ದು ನೋಡಿದ್ದೀರಾ? ದೋಸೆ ಏಳುತ್ತದೆಯೇ? ಈ ಡಿಸ್ಕು ಕೂಡ ಕಾವಲಿಯ ಹಾಗೆ, ಪಳಗಿರಬೇಕು. ನಿನ್ನೆ ಇಂಜಿನಿಯರನ್ನು ನಿಮ್ಮ ಕೊರಳಿನ ಹಾರ ತರಲು ಕಳಿಸಿ, ಮ್ಯಾನೇಜ್‌ಮೆಂಟ್ ಇದಕ್ಕೆ ಎಣ್ಣೆಸ್ನಾನ ಮಾಡಿಸಿದೆ. ಸ್ನಾನ ಮುಗಿಸಿ ಹಬ್ಬದ ಊಟಕ್ಕೆ ಕಾದಿರುವವರನ್ನು ಕೆಲಸಕ್ಕೆ ಕರೆದರೆ ಯಾರು ತಾನೇ ಬರುತ್ತಾರೆ?"

ಆ ಹಿರಿಯ ಗೆಸ್ಟು ಹೊಟ್ಟೆಯ ಮೇಲಿನ ಗೂಡೆಲ್ಲ ಕುಣಿಯುವಂತೆ ನಕ್ಕ. ಅವನು ನಕ್ಕ ಮೇಲೆ ಉಳಿದವರಿಗೂ ನಗಲು ಪರ್ಮಿಶನ್ ಸಿಕ್ಕಿತು. ಎಲ್ಲರಿಗಿಂತ ಜೋರಾಗಿ ಯಾರು ನಕ್ಕರು ಬಲ್ಲಿರಾ? ಸಾಹೇಬರು.

ಆಪರೇಟರು ನಗಲಿಲ್ಲ. ಅವನ ಮುಖ ಚಿಕ್ಕದಾಯಿತು. ತೋಳು ಬೀಳುವಂತೆ ತಿಕ್ಕಿದವನು ಅವನಲ್ಲವೇ? ನನ್ನ ಹುಡುಗಿಗೆ ಅದು ನನಗಿಂತ ಮೊದಲು ಕಾಣಿಸಿತು. ನನ್ನ ಕಡೆ ಒಂದು ನೋಟ ಬಿಟ್ಟಳು, ಚುರುಕ್ಕೆಂದಿತು. ಮಲ್ಲಿಗೆ ಮುಡಿದ ತಲೆಯ ಮೇಲೆ ಹೆಲ್ಮೆಟ್ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಣ್ಣ, ನಿಲ್ಸಿ. ನೀವೇನೂ ತಪ್ಪು ಮಾಡಿಲ್ಲ, ಬನ್ನಿ. ಎಣ್ಣೆ ಹೀರೋಕೆ ಒಣ ಬೆಂಟೊನೈಟ್ ಎರಚಣ, ಗೋಣಿಚೀಲದಲ್ಲಿ ಉಜ್ಜಣ. ಆಮೇಲೆ ಬೆಡ್ ಕಟ್ಟಣ" ಎಂದಳು. ಮೇಲೆ ನೋಡಿ ಗೆಸ್ಟುಗಳಿಗೆ, "ಸರ್, ಊಟ ಮಾಡ್ಕೊಂಡು ಬನ್ನಿ" ಎಂದಳು. ಅವರಿಗೆ ಬೇಕಾಗಿದ್ದೂ ಅದೇ. ಹೋಳಿಗೆಯ ವಾಸನೆ ಆಗಲೇ ಕಟ್ಟೆಯವರೆಗೆ ಬಂದಿತ್ತು.

ಊಟ, ಆಮೇಲೆ ಭಾಷಣ, ಆಮೇಲೆ ಎಲೆಅಡಿಕೆ, ಆಮೇಲೆ ಮತ್ತೆ ಭಾಷಣ. ಸಾಹೇಬರು ಕ್ವಾಲಿಟಿ ಬಗ್ಗೆ ಮಾತಾಡಿದರು. ನಾನು ಮಜ್ಜಿಗೆ ಕುಡಿದು ಡಿಸ್ಕಿನ ಹತ್ತಿರ ಬಂದೆ. ಹುಡುಗಿ, ಆಪರೇಟರು, ಇನ್ನಿಬ್ಬರು ಸಲಿಕೆ ಹಿಡಿದವರು, ಎಲ್ಲರೂ ಒಂದೇ ಬಣ್ಣವಾಗಿದ್ದರು. ಡಿಸ್ಕಿನ ಹೊಳಪು ಹೋಗಿತ್ತು. ಪುಡಿ ಎರಚಿ, ನೀರು ಚಿಮುಕಿಸಿ, ಸುತ್ತಿಸಿ, ಹೆಚ್ಚಾದದ್ದನ್ನು ಕೆರೆದು, ಮತ್ತೆ ಎರಚಿ ಕೊಳಕಾದ ಹಕ್ಕಳೆಯೊಂದನ್ನು ಮತ್ತೆ ಎಬ್ಬಿಸಿದ್ದರು. ರೇಷ್ಮೆ ಸೀರೆಯ ಅಂಚು ಯಾವ ಬಣ್ಣದ್ದೆಂದು ಹೇಳುವಂತಿರಲಿಲ್ಲ.

ಗೆಸ್ಟುಗಳು ತೇಗುತ್ತ ವಾಪಸು ಬಂದಾಗ ಸಾಸಿವೆ, ಕಡಲೆ, ಗೋಲಿ. ಗೋಲಿಗಳು ಅಂಚು ದಾಟಿ ಸಾಲಾಗಿ ಇಳಿಯತೊಡಗಿದವು. ಹಿರಿಯ ಗೆಸ್ಟು ಒಂದು ಹಸಿಯುಂಡೆಯನ್ನು ಕಬ್ಬಿಣದ ಹಲಗೆಯ ಮೇಲೆ ಬೀಳಿಸಿ ಎತ್ತಿ, ಮತ್ತೆ ಮತ್ತೆ ಬೀಳಿಸಿ ನೋಡಿದ. ಒಡೆಯಲಿಲ್ಲ. "ಗುಡ್" ಎಂದ. ಆಪರೇಟರನ ಮುಖಕ್ಕೆ ಬಣ್ಣ ಬಂತು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿದರೆ ಅದು ಈ ಪ್ಲಾಂಟೇ ಅಲ್ಲ.

ಕಾರುಗಳು ಹೋದ ಮೇಲೆ ಸಾಹೇಬರು ನಮ್ಮಿಬ್ಬರನ್ನೂ ಕರೆದರು. ಮುಖದಲ್ಲಿ ಸಂತೋಷವೋ ಸಂತೋಷ. "ಏನು ಹ್ಯಾಂಡ್ಲ್ ಮಾಡಿದ್ರಮ್ಮ ನೀವು! ಊಟ ಮಾಡ್ಕೊಂಡು ಬನ್ನಿ ಅಂದ್ರಲ್ಲ, ಆ ಕಾನ್ಫಿಡೆನ್ಸು! ಮ್ಯಾಮ್ ದೋಸೆ ಎಗ್ಸಾಂಪಲ್ ಅಂತೂ ಸೂಪರ್. ಲೇಡೀಸ್‌ಗೆ ಅದೆಲ್ಲ ನ್ಯಾಚುರಲ್ಲಾಗಿ ಬರುತ್ತೆ. ಅದಕ್ಕೇ ಹೇಳಿದ್ದು, ಗೆಸ್ಟ್ ರಿಲೇಶನ್ಸ್‌ಗೆ ನೀವೇ ಕರೆಕ್ಟು."

ಅವಳನ್ನು ಕಾಪಾಡಲು ಹೋಗಿ ನಾನೇ ಅವನ ಕೈಗೆ ಕಾವಲಿ ಕೊಟ್ಟಿದ್ದೆ. ಅವನು ಅದನ್ನೇ ಹಿಡಿದು ಅವಳನ್ನು ಅಡುಗೆಮನೆಗೆ ಅಟ್ಟುತ್ತಿದ್ದ.

ಅವಳು ಸೀರೆಯ ಅಂಚನ್ನು ಹಿಂಡುತ್ತ ಹೇಳಿದಳು: "ಸರ್, ಉಂಡೆ ಬಂದ್ರೆ ಸೆಕ್ಷನ್ ನಂದು ಅಂದಿದ್ರಿ. ಬಂತು. ನಾಳೆ ಬೆಳಗ್ಗೆ ಶಿಫ್ಟ್‌ಗೆ ಡಿಸ್ಕಿನ ಹತ್ರ ಇರ್ತೀನಿ. ಬೇಡ ಅನ್ನೋದಾದ್ರೆ ಅಲ್ಲಿಗೇ ಬಂದು, ಎಲ್ಲರ ಮುಂದೆ ಹೇಳಿ." ಇಷ್ಟು ಹೇಳಿ ಹೊರಗೆ ನಡೆದಳು.

"ಮ್ಯಾಮ್, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದರು ಸಾಹೇಬರು.

"ಯಾರಿಗೆ ಹೇಳಿದ್ರೂ ಉಪಯೋಗ ಇಲ್ಲಪ್ಪ, ನಿಂಗೇ ಎಷ್ಟು ವರ್ಷ ಹೇಳಿ ನೋಡಿದೀನಿ" ಎಂದು ನಾನೂ ಎದ್ದೆ.

ಕ್ವಾರ್ಟರ್ಸಿನ ಬಾಗಿಲು ತೆಗೆಯುವಾಗ, "ದೊಡ್ಡಮ್ಮ, ಮುಂದಿನ ಸಲ ನನ್ನ ಪರವಾಗಿ ಮಾತಾಡೋದಾದ್ರೆ ಅಡುಗೆಮನೆ ಪಾತ್ರೆ ಬೇಡ. ಫ್ರಿಕ್ಷನ್ ಅನ್ನಿ" ಎಂದಳು.

"ಫ್ರಿಕ್ಷನ್ ಅಂದಿದ್ರೆ ಅವರಿಗೆ ಅರ್ಥ ಆಗ್ತಿತ್ತೇನೇ?"

"ಆಗ್ತಿರ್ಲಿಲ್ಲ" ಎಂದು ಕೊನೆಗೂ ನಕ್ಕಳು.

ಮರುದಿನ ಬೆಳಗ್ಗೆ ಮರೆತ ಕನ್ನಡಕದ ನೆಪ ಹೇಳಿಕೊಂಡು ನಾನೂ ಹೋದೆ. ಡಿಸ್ಕು ಸುತ್ತುತ್ತಿತ್ತು, ಅವಳು ಅದರ ಮುಂದೆ ನಿಂತು ಬೆಲ್ಟಿನಿಂದ ಒಂದೊಂದು ಉಂಡೆ ಎತ್ತಿ ಒತ್ತಿ ನೋಡುತ್ತಿದ್ದಳು. ಸಾಹೇಬರು ಬಂದರು. ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನಿಂತರು. ಕೆಲಸದವರೆಲ್ಲ ನೋಡದವರಂತೆ ನೋಡುತ್ತಿದ್ದರು. ಕೊನೆಗೆ ಆಪರೇಟರೇ ಕೇಳಿದ: "ಸಾರ್, ಮೇಡಮ್ಮನ್ನ ಆಫೀಸಿಗೆ ಕಳಿಸ್ತೀರಂತೆ? ಯಾವಾಗಿಂದ?"

"ಯಾರು ಹೇಳಿದ್ದು?"

"ನೀವೇ ಅಂದ್ರಂತಲ್ಲಾ ಸಾರ್."

ಸಾಹೇಬರು ಡಿಸ್ಕನ್ನು ನೋಡಿದರು, ಅವಳನ್ನು ನೋಡಿದರು. ಹೂಂ ಎಂದರೆ ಎಲ್ಲರ ಮುಂದೆ ಕಾರಣ ಹೇಳಬೇಕು. ಊಹೂಂ ಎಂದರೆ ತಾವು ಸೋತಂತೆ. "ನೋಡೋಣ" ಎಂದರು. ಎಂದು, ಬಿಳಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದರು.

ನಮ್ಮ ದೊಡ್ಡ ಮನುಷ್ಯರ ಧೈರ್ಯವೆಲ್ಲ ಬಂದು ನಿಲ್ಲುವುದು ಆ ಒಂದು ಮಾತಿನಲ್ಲಿ. ಇವತ್ತಿಗೂ ಅವರು ನೋಡುತ್ತಲೇ ಇದ್ದಾರೆ. ಅವಳು ಡಿಸ್ಕಿನ ಮುಂದೆಯೇ ಇದ್ದಾಳೆ.